ಇಳಿದ ಗೆರೆ, ಏರಿದ ಗೆರೆ

ಮೊದಲು ಸಿಗರೇಟು. ಮಕ್ಕಳು ಹಾಳಾಗುತ್ತಿದ್ದಾರೆ ಎಂದು ಹಿರಿಯರು ಹೇಳುವಾಗ ಬೆರಳು ಮೊದಲು ಹೋಗುವುದು ಅಲ್ಲಿಗೇ. ಹಾಗಾಗಿ ನಾನೂ ಅದನ್ನೇ ಆರಿಸಿಕೊಂಡೆ. ಅಮೆರಿಕ ಸರ್ಕಾರದ ಸಿಡಿಸಿ, ಅಂದರೆ ರೋಗ ನಿಯಂತ್ರಣ ಕೇಂದ್ರ, 1991ರಿಂದ ಎರಡು ವರ್ಷಕ್ಕೊಮ್ಮೆ ಹೈಸ್ಕೂಲು ಮಕ್ಕಳ ಆರೋಗ್ಯದ ಸರ್ವೆ ಮಾಡುತ್ತ ಬಂದಿದೆ. ಅವರ ಹೈಸ್ಕೂಲು ಎಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸಿನಿಂದ ಸೆಕೆಂಡ್ ಪಿಯುವರೆಗೆ. ಯೂತ್ ರಿಸ್ಕ್ ಬಿಹೇವಿಯರ್ ಸರ್ವೆ ಎಂದು ಹೆಸರು. ಫಲಿತಾಂಶವನ್ನೆಲ್ಲ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಪ್ರಶ್ನೆ ಆರಿಸು, ರಾಜ್ಯ ಆರಿಸು, ವರ್ಷ ಆರಿಸು, ಹುಡುಗರೋ ಹುಡುಗಿಯರೋ ಹೇಳು. ಪಟ್ಟಿ ಬರುತ್ತದೆ, ಗೆರೆ ಬರುತ್ತದೆ, ನಕ್ಷೆ ಬರುತ್ತದೆ. ಗಣಿತದ ಮೇಷ್ಟ್ರಾಗಿ ನಿವೃತ್ತನಾದ ನನ್ನಂಥವನಿಗೆ ಇದು ಇಸ್ಪೀಟಿಗಿಂತ ಕೆಟ್ಟ ಚಟ.

ಕಳೆದ 30 ದಿನಗಳಲ್ಲಿ ಒಂದು ದಿನವಾದರೂ ಸಿಗರೇಟು ಸೇದಿದವರು: 1991ರಲ್ಲಿ ಶೇ. 27.5. ಅಲ್ಲಿಂದ ಏರಿ 1997ರಲ್ಲಿ 36.4. ಆಮೇಲೆ ಇಳಿದದ್ದೇ ಇಳಿದದ್ದು. 2021ರಲ್ಲಿ 3.8. ಮೂವರಲ್ಲಿ ಒಬ್ಬ ಸೇದುತ್ತಿದ್ದ ಕಡೆ ಈಗ ಇಪ್ಪತ್ತೈದು ಮಂದಿಯಲ್ಲಿ ಒಬ್ಬ. ಪರೀಕ್ಷೆಯ ಪೇಪರಿನಲ್ಲಿ ಹುಡುಗನೊಬ್ಬ ಇಂಥ ಉತ್ತರ ಬರೆದಿದ್ದರೆ ದಶಮಾಂಶ ಬಿಂದು ಸರಿಯಾಗಿ ಇಟ್ಟಿದ್ದೀಯೇನೋ ಎಂದು ಕೇಳುತ್ತಿದ್ದೆ.

*

ಸಿಗರೇಟು ಹೋಗಿ ಇ-ಸಿಗರೇಟು ಬಂದಿರಬೇಕಲ್ಲ ಎಂದು ಅದನ್ನೂ ತೆಗೆದೆ. 2015ರಿಂದ ಈ ಪ್ರಶ್ನೆ ಇದೆ. ಗೆರೆ ವಿಚಿತ್ರ: 24.1, 13.2, 32.7, 18.0, ಕೊನೆಗೆ 2023ರಲ್ಲಿ 16.8. ಒಮ್ಮೆ ಇಳಿದು, ಒಮ್ಮೆ ಹಾರಿ, ಮತ್ತೆ ಇಳಿದಿದೆ. ಇದು ಹಳೆಯ ಚಟದ ಗೆರೆಯ ಹಾಗಿಲ್ಲ, ಫ್ಯಾಷನ್ನಿನ ಗೆರೆಯ ಹಾಗಿದೆ. ಆದರೂ ಹಳೆಯ ಸಿಗರೇಟಿನಷ್ಟು ಎತ್ತರಕ್ಕೆ ಅದು ಯಾವತ್ತೂ ಹೋಗಿಲ್ಲ.

*

ಉಳಿದವನ್ನೂ ಒಂದೊಂದಾಗಿ ತೆಗೆದು ನೋಡಿದೆ. ಕಳೆದ ತಿಂಗಳಲ್ಲಿ ಮದ್ಯ ಕುಡಿದವರು 1991ರಲ್ಲಿ ಶೇ. 50.8, 2023ರಲ್ಲಿ 22. ವರ್ಷದಲ್ಲಿ ಒಮ್ಮೆಯಾದರೂ ಹೊಡೆದಾಟಕ್ಕೆ ಇಳಿದವರು 42.5ರಿಂದ 2021ರ ಹೊತ್ತಿಗೆ 18.3ಕ್ಕೆ ಬಂದಿದ್ದಾರೆ. ಲೈಂಗಿಕ ಸಂಪರ್ಕ ಆಗಿದೆ ಎಂದವರು 54.1 ಇದ್ದದ್ದು 2021ರಲ್ಲಿ 30. 2023ರಲ್ಲಿ ಚೂರು ಏರಿ 32.

ಅಲ್ಲಿನ ತಂದೆತಾಯಿ, ಪಾದ್ರಿ, ಪ್ರಿನ್ಸಿಪಾಲರು, ಪತ್ರಿಕೆಯ ಸಂಪಾದಕರು ಮೂವತ್ತು ವರ್ಷದಿಂದ ಬೇಡಿಕೊಂಡದ್ದೆಲ್ಲ ಹೆಚ್ಚುಕಡಿಮೆ ಈಡೇರಿದೆ. ಯಾರೂ ಸಿಹಿ ಹಂಚಿದ ಹಾಗೆ ಕಾಣಲಿಲ್ಲ. ಸಿಹಿ ಯಾಕೆ ಹಂಚಲಿಲ್ಲ ಎಂಬುದು ಮುಂದಿನ ಪ್ರಶ್ನೆ ತೆಗೆದ ಮೇಲೆ ಗೊತ್ತಾಯಿತು.

*

ದುಃಖದ ಪ್ರಶ್ನೆ. ಕೇಳುವ ರೀತಿ ಹೀಗೆ: ಕಳೆದ 12 ತಿಂಗಳಲ್ಲಿ ಯಾವಾಗಲಾದರೂ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವೂ, ನಿತ್ಯದ ಕೆಲವು ಕೆಲಸಗಳನ್ನು ಬಿಟ್ಟುಬಿಡುವಷ್ಟು ದುಃಖ ಅಥವಾ ಹತಾಶೆ ಆಗಿತ್ತೇ? ಹೌದು, ಇಲ್ಲ, ಎರಡೇ ಉತ್ತರ. ಪ್ರಶ್ನೆ ಕಟ್ಟಿದವರು ಜಾಣರು. ಬರೀ ಬೇಜಾರಾಗಿತ್ತಾ ಎಂದು ಕೇಳಿದ್ದರೆ ಕ್ಲಾಸಿಗೆ ಕ್ಲಾಸೇ ಕೈ ಎತ್ತುತ್ತಿತ್ತು. ಇಲ್ಲಿ ಮೂರು ಜರಡಿ ಹಿಡಿದಿದ್ದಾರೆ: ಎರಡು ವಾರ, ದಿನವೂ, ಕೆಲಸ ಬಿಡುವಷ್ಟು.

ಈ ಮೂರು ಜರಡಿ ದಾಟಿ ಹೌದು ಎಂದವರು, ಪ್ರಶ್ನೆ ಶುರುವಾದ 1999ರಲ್ಲಿ ಶೇ. 28.3. ಮುಂದಿನ ನಾಲ್ಕು ಸರ್ವೆಗಳಲ್ಲಿ 28.3, 28.6, 28.5, 28.5. ಎಂಟು ವರ್ಷ ಗೆರೆ ಅಲುಗಾಡಲಿಲ್ಲ! ಮಕ್ಕಳು ಬೇರೆ, ಶಾಲೆಗಳು ಬೇರೆ, ನಡುವೆ ನ್ಯೂಯಾರ್ಕಿನ ಗೋಪುರಗಳು ಉರುಳಿದವು, ಇರಾಕಿನಲ್ಲಿ ಯುದ್ಧ ಶುರುವಾಯಿತು, ದುಃಖ ಮಾತ್ರ ಅಷ್ಟೇ. ಯಾರೋ ಪಡಿತರದಲ್ಲಿ ಅಳೆದು ಕೊಟ್ಟ ಹಾಗೆ. 2009ರಲ್ಲಿ, ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡ ವರ್ಷದಲ್ಲಿ, ಅದು 26.1ಕ್ಕೆ ಇಳಿಯಿತು ಕೂಡ. ಇದನ್ನು ಏನೆಂದು ಅರ್ಥ ಮಾಡಿಕೊಳ್ಳುವುದೋ ತಿಳಿಯದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಆಮೇಲೆ ಏರಿಕೆ. 2011ರಲ್ಲಿ 28.5; 2017ರಲ್ಲಿ 31.5, 2019ರಲ್ಲಿ 36.7, 2021ರಲ್ಲಿ 42.3. 2023ರಲ್ಲಿ ಸ್ವಲ್ಪ ಇಳಿದು 39.7. ಕೊರೊನಾ ಕಾರಣ ಎನ್ನುವವರು 2019ರ ಅಂಕಿಯ ಮೇಲೆ ಬೆರಳಿಟ್ಟು ಒಂದು ನಿಮಿಷ ಯೋಚಿಸಬೇಕು. ಆಗ ಕೊರೊನಾ ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ.

ಹುಡುಗ ಹುಡುಗಿಯರನ್ನು ಬೇರೆ ಮಾಡಿ ನೋಡಿದರೆ ಇನ್ನೂ ಗಾಬರಿ. 2011ರಲ್ಲಿ ಹುಡುಗಿಯರು 36, ಹುಡುಗರು 21. 2021ರಲ್ಲಿ ಹುಡುಗಿಯರು 57, ಹುಡುಗರು 29. ಅರ್ಧಕ್ಕಿಂತ ಹೆಚ್ಚು ಹುಡುಗಿಯರು!

*

ಎರಡೂ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಕೆಟ್ಟದ್ದು ಎಂದು ನಾವು ಹೇಳುತ್ತಿದ್ದದ್ದು ಕೆಳಗೆ, ದುಃಖ ಮೇಲೆ. ಹೆಂಡತಿ ನೋಡಿ, 'ಸೇದೋದು ಬಿಟ್ಟಿದ್ದಕ್ಕೇ ಬೇಜಾರಾಗಿರ್ಬೇಕು ಬಿಡಿ' ಎಂದಳು. ತಮಾಷೆಗೆ ಅಂದದ್ದು. ನಾನು ಅದನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲಾರೆ.

ಸಿಗರೇಟು ಸೇದಲು ಶಾಲೆಯ ಹಿಂದಿನ ಗೋಡೆ ಬೇಕು, ಬೆಂಕಿ ಕೊಡುವ ಗೆಳೆಯ ಬೇಕು. ಕುಡಿಯಲು ಯಾರದೋ ಮನೆ ಬೇಕು, ಆ ಮನೆಯ ದೊಡ್ಡವರು ಊರಿಗೆ ಹೋಗಿರಬೇಕು. ಹೊಡೆದಾಡಲು ಎದುರಿಗೊಬ್ಬ, ಬಿಡಿಸಲು ಇನ್ನಿಬ್ಬರು. ಪ್ರೀತಿಗಂತೂ ಹೇಳಲೇಬೇಕಿಲ್ಲ. ಇಳಿದ ಗೆರೆಗಳೆಲ್ಲ ಇನ್ನೊಬ್ಬರ ಜೊತೆ, ಮನೆಯ ಹೊರಗೆ, ದೊಡ್ಡವರ ಕಣ್ಣು ತಪ್ಪಿಸಿ ನಡೆಯುವ ವ್ಯವಹಾರಗಳು. ಇವೆಲ್ಲ ಒಟ್ಟಿಗೆ ಇಳಿದಿವೆ ಎಂದರೆ ಮಕ್ಕಳು ಒಳ್ಳೆಯವರಾದರು ಎಂದೂ ಓದಬಹುದು. ಮಕ್ಕಳು ಒಬ್ಬರನ್ನೊಬ್ಬರು ಸೇರುವುದೇ ಕಡಿಮೆಯಾಯಿತು ಎಂದೂ ಓದಬಹುದು. ನನಗೆ ಎರಡನೆಯ ಓದು ಹೆಚ್ಚು ಸರಿ ಎನಿಸುತ್ತದೆ. ಹೊರಗೆ ಹೋಗಿ ಕೆಡಲು ಅವಕಾಶವಿಲ್ಲದವನು ಒಳಗೆ ಕೂತು ಸುಖವಾಗಿದ್ದಾನೆ ಎಂದು ಯಾರು ಹೇಳಿದರು?

ಇದಕ್ಕೆ ಎದುರು ಮಾತೂ ಇದೆ, ಅದನ್ನೂ ಬರೆದಿಡುತ್ತೇನೆ. ದುಃಖ ಹೆಚ್ಚಿಲ್ಲ, ಹೇಳಿಕೊಳ್ಳುವ ಧೈರ್ಯ ಹೆಚ್ಚಿದೆ ಎನ್ನಬಹುದು. ಇರಬಹುದು. ಆದರೆ 1999ರಿಂದ 2007ರವರೆಗೆ ಧೈರ್ಯ ಒಂದಿಷ್ಟೂ ಹೆಚ್ಚದೆ 2011ರ ನಂತರ ಒಮ್ಮೆಲೇ ಹೆಚ್ಚಿತೇ?

*

ಮೊಬೈಲೇ ಕಾರಣ ಎಂದು ತೀರ್ಪು ಕೊಡಲು ಎಲ್ಲರೂ ತುದಿಗಾಲಲ್ಲಿ ನಿಂತಿದ್ದಾರೆ. ಸರಿ, ಸೋಷಿಯಲ್ ಮೀಡಿಯಾದ ಗೆರೆಯನ್ನು ದುಃಖದ ಗೆರೆಯ ಪಕ್ಕ ಇಟ್ಟು ನೋಡೋಣ ಎಂದು ಹುಡುಕಿದರೆ, ಗೆರೆಯೇ ಇಲ್ಲ. ಆ ಪ್ರಶ್ನೆಯನ್ನು ರಾಷ್ಟ್ರಮಟ್ಟದ ಸರ್ವೆಯಲ್ಲಿ ಮೊದಲ ಸಲ ಕೇಳಿದ್ದೇ 2023ರಲ್ಲಿ. ದಿನಕ್ಕೆ ಹಲವು ಸಲ ಬಳಸುತ್ತೇವೆ ಎಂದವರು ಶೇ. 77. ಒಂದೇ ಬಿಂದು. ಒಂದು ಬಿಂದುವಿನಿಂದ ಗೆರೆ ಎಳೆಯಲಾಗದು ಎಂದು ಎಂಟನೇ ಕ್ಲಾಸಿನವರಿಗೆ ಹೇಳಿಕೊಡುತ್ತಿದ್ದೆ. ಅದಕ್ಕೆ ಮುಂಚೆ ಟಿವಿಯ ಬಗ್ಗೆ ಕೇಳುತ್ತಿದ್ದರು: ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಟಿವಿ ನೋಡುವವರು 1999ರಲ್ಲಿ ಶೇ. 42.8, 2017ರಲ್ಲಿ 20.7. ಇದೂ ಇಳಿದಿದೆ! ದೊಡ್ಡವರು ಹಳೆಯ ಕಳ್ಳನಿಗಾಗಿ ಮುಂಬಾಗಿಲಲ್ಲಿ ಕಾಯುತ್ತಿದ್ದಾಗ ಹೊಸಬ ಹಿತ್ತಿಲಿನಿಂದ ಬಂದು ಕೂತಿದ್ದ.

*

ಅಮೆರಿಕದಲ್ಲಿರುವ ತಂಗಿಯ ಮೊಮ್ಮಗಳು ಈಗ ಹನ್ನೊಂದನೇ ಕ್ಲಾಸು. ಫೋನಿನಲ್ಲಿ ಈ ಸರ್ವೆಯ ಬಗ್ಗೆ ಕೇಳಿದೆ. 'ಹೂಂ ತಾತ, ನಮ್ಮ ಕ್ಲಾಸಲ್ಲೂ ಮಾಡ್ಸಿದ್ರು. ಹಿಂದಿನ ಸಾಲಿನ ಹುಡುಗ್ರು ಎಲ್ಲದಕ್ಕೂ ಯೆಸ್ ಹಾಕಿ ನಗ್ತಾ ಇದ್ರು.'

ಹಿಂದಿನ ಬೆಂಚು ಅಲ್ಲೂ ಇದೆ ಎಂದು ತಿಳಿದು ಸಮಾಧಾನವಾಯಿತು, ಅಂಕಿಗಳ ಬಗ್ಗೆ ಸಮಾಧಾನ ಹೋಯಿತು. ಇದನ್ನು ಅವರು ಯೋಚಿಸಿಲ್ಲವೆಂದಲ್ಲ. ಒಂದು ಕಡೆ ಸಿಗರೇಟು ಮುಟ್ಟಿಯೇ ಇಲ್ಲ ಎಂದವನು ಇನ್ನೊಂದು ಕಡೆ ಕಳೆದ ತಿಂಗಳು ಸೇದಿದೆ ಎಂದರೆ ಎರಡು ಉತ್ತರವನ್ನೂ ಕಿತ್ತುಹಾಕುತ್ತಾರೆ. ಆದರೆ ಜಾಣ ತುಂಟ ಹಾಗೆ ಸಿಕ್ಕಿಬೀಳುವುದಿಲ್ಲ.

ಇದೇ ಜಾತಿಯ ಇನ್ನೊಂದು ದೊಡ್ಡ ಅಧ್ಯಯನವಿದೆ, 1990ರ ದಶಕದಲ್ಲಿ ಶುರುವಾದ ಆಡ್ ಹೆಲ್ತ್. ಶಾಲೆಯಲ್ಲಿ ತುಂಬಿಸಿದ ಫಾರಮ್ಮುಗಳಲ್ಲಿ 253 ಮಕ್ಕಳು ತಮಗೆ ಕೃತಕ ಕೈಯೋ ಕಾಲೋ ಇದೆ ಎಂದು ಬರೆದಿದ್ದರು. ಆಮೇಲೆ ಮನೆಗೆ ಹೋಗಿ ವಿಚಾರಿಸಿದಾಗ ಹಾಗಿದ್ದವರು ಇಬ್ಬರೇ. ಉಳಿದ 251 ಮಂದಿಗೆ ದೇವರು ಕೊಟ್ಟ ಕೈಕಾಲು ಗಟ್ಟಿಯಾಗಿಯೇ ಇದ್ದವು. ನಕ್ಕು ಸುಸ್ತಾದೆ. ಆಮೇಲೆ ನಗು ನಿಂತಿತು. ಇಡೀ ಶಾಲೆಯ ಸರಾಸರಿ ತೆಗೆಯುವಾಗ ಈ ತುಂಟರು ಗೊತ್ತೇ ಆಗುವುದಿಲ್ಲ. ಆದರೆ ಯಾವುದಾದರೂ ಸಣ್ಣ ಗುಂಪಿನ ಬಗ್ಗೆ, ಅಂಗವಿಕಲ ಮಕ್ಕಳ ಬಗ್ಗೆ, ದತ್ತುಮಕ್ಕಳ ಬಗ್ಗೆ ಲೆಕ್ಕ ತೆಗೆದರೆ ಆ ಗುಂಪಿನಲ್ಲಿ ತುಂಟರ ಪಾಲು ದೊಡ್ಡದಾಗಿಬಿಡಬಹುದು. ಎಲ್ಲದಕ್ಕೂ ಹೌದು ಎಂದ ಅವರ ಉತ್ತರಗಳೆಲ್ಲ ಆ ಪಾಪದ ಗುಂಪಿನ ತಲೆಗೆ ಬರುತ್ತವೆ.

*

ತುಂಟತನವಿಲ್ಲದ ಸುಳ್ಳೂ ಇದೆ. ಮಕ್ಕಳು ಬರೆದ ಎತ್ತರ, ತೂಕವನ್ನು ಒಮ್ಮೆ ನಿಜವಾಗಿ ಅಳೆದು ನೋಡಿದ್ದಾರೆ. ಎತ್ತರ ಸರಾಸರಿ 2.7 ಅಂಗುಲ ಹೆಚ್ಚು ಬರೆದಿದ್ದರು, ತೂಕ 3.5 ಪೌಂಡು ಕಡಿಮೆ. ತೂಕದ್ದು ಅರ್ಥವಾಗುತ್ತದೆ. ಮೂರು ಅಂಗುಲದ ಎತ್ತರ ಮಾತ್ರ ನನಗೆ ಇಷ್ಟವಾಯಿತು. ಹದಿನೈದರ ವಯಸ್ಸಿನಲ್ಲಿ ಮುಂದಿನ ವರ್ಷದ ಎತ್ತರವನ್ನೇ ಬರೆದುಬಿಡುತ್ತಾರೆ. ಆದರೆ ಇದೇ ಎರಡು ಅಂಕಿಗಳಿಂದ ಸ್ಥೂಲಕಾಯದ ಲೆಕ್ಕ ಹಾಕುತ್ತಾರೆ. ಹಾಗಾಗಿ ಆ ಲೆಕ್ಕ ನಿಜಕ್ಕಿಂತ ಕಡಿಮೆಯೇ ಬರುತ್ತದೆ.

ಇನ್ನೊಂದು ಪ್ರಯೋಗ: ಇದೇ ಪ್ರಶ್ನೆಗಳನ್ನು ಕೆಲವು ಮಕ್ಕಳಿಗೆ ಶಾಲೆಯಲ್ಲಿ, ಕೆಲವರಿಗೆ ಮನೆಯಲ್ಲಿ ಕೊಟ್ಟು ನೋಡಿದರು. ಶಾಲೆಯಲ್ಲಿ ಬರೆದವರು ಹೆಚ್ಚು ಒಪ್ಪಿಕೊಂಡರು. ಮನೆಯಲ್ಲಿ ಅಮ್ಮ ಪಕ್ಕದ ಕೋಣೆಯಲ್ಲಿದ್ದರೂ ಸಾಕು, ಪೆನ್ನು ಸಭ್ಯವಾಗುತ್ತದೆ. ಮೇಷ್ಟ್ರ ಭಯ ಅಮ್ಮನ ಭಯಕ್ಕಿಂತ ಕಡಿಮೆ ಎಂದು ನಾನು ಕೆಲಸದಲ್ಲಿದ್ದಾಗಲೇ ಗೊತ್ತಿತ್ತು, ಸಾಕ್ಷಿ ಸಿಕ್ಕಿದ್ದು ಈಗ.

*

ಕ್ಯಾರೆಟ್ಟಿನ ಬಗ್ಗೆ ಒಂದು ಪ್ರತ್ಯೇಕ ಪ್ರಶ್ನೆ ಇದೆ. ಕಳೆದ 7 ದಿನಗಳಲ್ಲಿ ಎಷ್ಟು ಸಲ ಕ್ಯಾರೆಟ್ ತಿಂದೆ? ಆಲೂಗಡ್ಡೆಗೂ ಪ್ರತ್ಯೇಕ, ಆದರೆ ಕರಿದದ್ದು, ಚಿಪ್ಸು ಲೆಕ್ಕಕ್ಕಿಲ್ಲ. ಸಲಾಡಿಗೆ ಒಂದು. ಜಗತ್ತಿನ ಉಳಿದ ತರಕಾರಿಗಳಿಗೆಲ್ಲ ಸೇರಿ ಒಂದೇ ಪ್ರಶ್ನೆ. ಹುರುಳಿಕಾಯಿ, ಬದನೆ, ನುಗ್ಗೆ, ಸೋರೆ, ಎಲ್ಲಕ್ಕೂ 'ಇತರೆ'. ನಮ್ಮ ಮೊಮ್ಮಗಳ ಮನೆಯ ಹುಳಿಯಲ್ಲಿ ಕ್ಯಾರೆಟ್ಟೂ ಇರುತ್ತದೆ, ಇತರೆಯೂ ಇರುತ್ತದೆ. ಅವಳು ಎರಡು ಕಡೆಯೂ ಗುರುತು ಹಾಕಬೇಕೇ?

*

ಅವಳೇ ಇನ್ನೊಂದು ಗೊಂದಲ. ಜನಾಂಗದ ಪ್ರಶ್ನೆಯಲ್ಲಿ ಅವಳಿಗೆ ಸಿಕ್ಕುವ ಚೌಕ ಏಷ್ಯನ್. ಚೀನಾ, ವಿಯೆಟ್ನಾಂ, ಫಿಲಿಪೀನ್ಸ್, ಕೊರಿಯಾ ಮೂಲದ ಮನೆಗಳ ಮಕ್ಕಳೂ ಅದೇ ಚೌಕದಲ್ಲಿ. ಕನ್ನಡ ಕೂಟದ ಭಾನುವಾರದ ಶಾಲೆಗೆ ಹೋಗುವ ಹುಡುಗಿಯೂ ಯುದ್ಧದಿಂದ ಓಡಿಬಂದವರ ಮೊಮ್ಮಗನೂ ಸೇರಿ ಒಂದು ಸರಾಸರಿ. ನಮ್ಮ ಮಕ್ಕಳು ಹೇಗಿದ್ದಾರೆ ಎಂದು ಈ ಪುಟದಲ್ಲಿ ಹುಡುಕಿ ಪ್ರಯೋಜನವಿಲ್ಲ. ಇನ್ನೂ ಸಣ್ಣದಾಗಿ ಸೀಳಲು ಹೋದರೆ ಅಂಕಿಯ ಜಾಗದಲ್ಲಿ ಅಡ್ಡಗೆರೆ ಬರುತ್ತದೆ: ಉತ್ತರಿಸಿದವರು ತೀರಾ ಕಡಿಮೆ, ಹೇಳಲಾಗದು. ಆ ಅಡ್ಡಗೆರೆ ಕಂಡರೆ ನನಗೆ ಗೌರವ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ಸರ್ಕಾರಿ ಕಾಗದವನ್ನು ನನ್ನ ನೌಕರಿಯಲ್ಲಿ ಹೆಚ್ಚು ಕಂಡಿಲ್ಲ.

*

ಯಾರು ಉತ್ತರಿಸಿದರು ಎಂಬುದನ್ನು ನೋಡಲು ಪುಟದ ತಳಕ್ಕೆ ಇಳಿಯಬೇಕು. 2023ರಲ್ಲಿ 155 ಶಾಲೆಗಳ 20,103 ಮಕ್ಕಳು. ಕೇಳಿದ ಶಾಲೆಗಳಲ್ಲಿ ಒಪ್ಪಿದವು ಶೇ. 49.8. ಒಪ್ಪಿದ ಶಾಲೆಗಳ ಮಕ್ಕಳಲ್ಲಿ ಬರೆದವರು 71. ಗುಣಿಸಿದರೆ 35.4. ಅಂದರೆ ಕೇಳಬೇಕೆಂದುಕೊಂಡ ಮೂವರಲ್ಲಿ ಇಬ್ಬರ ಮಾತು ಕೇಳಿಸಲೇ ಇಲ್ಲ. 1991ರಲ್ಲಿ ಇದೇ ಲೆಕ್ಕ 68 ಇತ್ತು. ಉಳಿದ ಎಲ್ಲ ಗೆರೆಗಳ ಕೆಳಗೆ ಸದ್ದಿಲ್ಲದೆ ಇಳಿದ ಇನ್ನೊಂದು ಗೆರೆ ಇದು. ಶಾಲೆ ಬಿಟ್ಟವರು, ಮನೆಯಲ್ಲೇ ಓದುವವರು ಮೊದಲಿನಿಂದಲೂ ಲೆಕ್ಕದಲ್ಲಿಲ್ಲ. ಮತ್ತೆ ಮತ್ತೆ ಚಕ್ಕರ್ ಹೊಡೆಯುವವರೂ ಕೈಗೆ ಸಿಗುವುದು ಕಡಿಮೆ. ಯಾರ ಬಗ್ಗೆ ಹೆಚ್ಚು ಚಿಂತೆಯೋ ಅವರೇ ಗೈರುಹಾಜರು.

ಹಾಜರಿದ್ದವರಿಗೆ ತೂಕ ಹಾಕಿ ದೇಶಕ್ಕೆ ಸರಿದೂಗಿಸುತ್ತಾರೆ. ಲೆಕ್ಕದ ವಿಧಾನದಲ್ಲಿ ತಪ್ಪಿಲ್ಲ. ಆದರೂ ಬಂದವನಿಂದ ಬಾರದವನ ಪರವಾಗಿ ಹಾಜರಿ ಹೇಳಿಸುವುದನ್ನು ನಾವು ಶಾಲೆಯಲ್ಲಿ ಪ್ರಾಕ್ಸಿ ಎಂದು ಕರೆಯುತ್ತಿದ್ದೆವು.

*

2025ರ ಜನವರಿ 31ರಂದು ಈ ಪುಟಗಳೇ ಮಾಯವಾದವು. ಲಿಂಗದ ಗುರುತಿನ ಬಗ್ಗೆ ಹೊಸ ಅಧ್ಯಕ್ಷರು ಹೊರಡಿಸಿದ ಆದೇಶದ ಬೆನ್ನಿಗೇ ಸಿಡಿಸಿಯ ಎಷ್ಟೋ ಪುಟಗಳನ್ನು ಕೆಳಗಿಳಿಸಿದರು, ಈ ಸರ್ವೆಯೂ ಅದರೊಳಗೆ ಸೇರಿತು. 2023ರ ಸರ್ವೆಯಲ್ಲಿ ರಾಷ್ಟ್ರಮಟ್ಟದಲ್ಲಿ ಮೊದಲ ಸಲ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಎಣಿಸಿದ್ದರು: ಶೇ. 3.3. ಆ ಒಂದು ಪ್ರಶ್ನೆ ಇದ್ದ ಮನೆಯಲ್ಲಿ ಕ್ಯಾರೆಟ್ಟು, ಹೆಲ್ಮೆಟ್ಟು, ನಿದ್ದೆ, ಎಲ್ಲವೂ ಬೀದಿಗೆ ಬಿದ್ದವು. ವೈದ್ಯರ ಸಂಘಟನೆಯೊಂದು ಕೋರ್ಟಿಗೆ ಹೋಯಿತು, ಫೆಬ್ರವರಿ 11ರಂದು ನ್ಯಾಯಾಧೀಶರು ಪುಟಗಳನ್ನು ಮರಳಿ ಹಾಕಿ ಎಂದರು, ಹಾಕಿದರು. ಹುಡುಗರು ತುಂಟತನದಿಂದ ಅಂಕಿ ಕೆಡಿಸುತ್ತಾರೆ ಎಂದು ನಾವು ತಲೆ ಕೆಡಿಸಿಕೊಂಡರೆ, ದೊಡ್ಡವರು ಪುಸ್ತಕವನ್ನೇ ಎತ್ತಿಕೊಂಡು ಹೋಗುತ್ತಾರೆ.

*

ನಮ್ಮ ಕಡೆಯದ್ದೇನು? 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆಗಾಗಿ ಮುಂಬೈನ ಐಐಪಿಎಸ್ ಸಂಸ್ಥೆ ನಡೆಸಿದ ಗ್ಲೋಬಲ್ ಯೂತ್ ಟೊಬ್ಯಾಕೊ ಸರ್ವೆ ಇದೆ. 13ರಿಂದ 15 ವಯಸ್ಸಿನ ಶಾಲೆಯ ಮಕ್ಕಳು. ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿರುವವರು ದೇಶದಲ್ಲಿ ಶೇ. 8.5. ಮಿಜೋರಾಂ, ಅರುಣಾಚಲದಲ್ಲಿ 58ರ ಆಸುಪಾಸು. ಕರ್ನಾಟಕದಲ್ಲಿ 1.2.

ಒಂದು ಪಾಯಿಂಟ್ ಎರಡು! ನೂರು ಮಕ್ಕಳಲ್ಲಿ ಒಬ್ಬ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯಿದೆಯಿದೆ. ನೂರಾಹತ್ತನೇ ಗಜದಲ್ಲಿ ಗೂಡಂಗಡಿ ಇದೆ. ಕಾಂಪೌಂಡಿನ ಮೂಲೆಯಲ್ಲಿ ಗುಟ್ಕಾದ ಚೀಟಿ ಗುಡಿಸಿದ ಜವಾನನನ್ನು ಕೇಳಿದರೆ ಅವನು ಇನ್ನೊಂದು ಅಂಕಿ ಹೇಳಬಹುದು. ಆದರೂ ಅಂಕಿ ಸುಳ್ಳು ಎನ್ನಲು ನನ್ನ ಬಳಿ ಆಧಾರವಿಲ್ಲ. ದೂರದ ಹಿಮಾಚಲದ್ದೂ 1.1 ಎಂದು ಬಂದಿದೆ, ಒಂದೇ ರಾಜ್ಯದ ಎಡವಟ್ಟು ಎನ್ನುವಂತಿಲ್ಲ.

ನನ್ನ ಅನುಮಾನ ಬೇರೆ. ಹೆಸರು ಬರೆಯಬೇಡಿ ಎಂದು ಆ ಫಾರಮ್ಮಿನಲ್ಲೂ ಇರುತ್ತದೆ. ಆದರೆ ನಮ್ಮ ಮಕ್ಕಳು ಹೆಸರು, ರೋಲ್ ನಂಬರು, ಸೆಕ್ಷನ್ನು ಬರೆಯದ ಕಾಗದವನ್ನು ಶಾಲೆಯಲ್ಲಿ ಯಾವತ್ತು ಕಂಡಿದ್ದಾರೆ? ಅನಾಮಧೇಯ ಎಂಬುದನ್ನು ನಂಬಲು ಅಭ್ಯಾಸ ಬೇಕು. ಅಕ್ಷರ ನೋಡಿ ಮೇಷ್ಟ್ರು ಕಂಡುಹಿಡಿಯುತ್ತಾರೆ ಎಂದು ಹುಡುಗ ಅಂದುಕೊಳ್ಳುತ್ತಾನೆ. ಅವನು ಅಂದುಕೊಂಡದ್ದು ಸರಿಯೇ, ನಾನೇ ಎಷ್ಟೋ ಸಲ ಕಂಡುಹಿಡಿದಿದ್ದೇನೆ. ಅಮೆರಿಕದಲ್ಲಿ 2023ರಿಂದ ರಾಷ್ಟ್ರಮಟ್ಟದ ಸರ್ವೆಗೆ ಕಾಗದದ ಬದಲು ಟ್ಯಾಬ್ಲೆಟ್ ಕೊಡುತ್ತಿದ್ದಾರೆ. ಅಕ್ಷರದ ಭಯವಾದರೂ ಹೋಯಿತು.

*

ನಿದ್ದೆ. ಇಷ್ಟೆಲ್ಲದರಲ್ಲಿ ಕಾರಣ ಕಣ್ಣೆದುರಿಗೇ ಇರುವ ಅಂಕಿ ಇದೊಂದು. ಶಾಲೆಯ ದಿನಗಳಲ್ಲಿ ರಾತ್ರಿ 8 ಗಂಟೆಯಾದರೂ ನಿದ್ದೆ ಮಾಡುವವರು 2007ರಲ್ಲಿ ಶೇ. 31, 2021ರಲ್ಲಿ 23, 2023ರಲ್ಲಿ 23. ಹೈಸ್ಕೂಲು ಬೆಳಗ್ಗೆ 8.30ಕ್ಕೆ ಮುಂಚೆ ಶುರುವಾಗಬಾರದು ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತ್ತು. ಕ್ಯಾಲಿಫೋರ್ನಿಯಾ ಅದನ್ನು ಕಾನೂನು ಮಾಡಿ 2022ರ ಜುಲೈನಿಂದ ಜಾರಿಗೆ ತಂದಿದೆ. ಬೇರೆ ಕಡೆ ಬಸ್ಸುಗಳ ಲೆಕ್ಕಾಚಾರ, ಆಟದ ಅಭ್ಯಾಸ, ತಂದೆತಾಯಿಯ ಆಫೀಸು ಅಡ್ಡ ಬಂದಿವೆ. ದುಃಖಕ್ಕೆ ಕಾರಣ ಹುಡುಕಿ ಪುಸ್ತಕದ ಮೇಲೆ ಪುಸ್ತಕ ಬರೆಯುತ್ತಿರುವವರು ಮೊದಲು ಶಾಲೆಯ ಗಂಟೆಯನ್ನು ಒಂದು ತಾಸು ಮುಂದಕ್ಕೆ ಹಾಕಿಸಿ ನೋಡಬಹುದಿತ್ತು. ನಮ್ಮ ಪಿಯು ಕಾಲೇಜುಗಳ ಬೆಳಗಿನ ಜಾವದ ಕೋಚಿಂಗ್ ನೆನಪಾಗಿ ಈ ವಾಕ್ಯ ಬರೆಯಲು ಸ್ವಲ್ಪ ಸಂಕೋಚವಾಯಿತು.

ಮೊಮ್ಮಗಳ ಬಸ್ಸು ಬರುವುದು ಆರೂಮುಕ್ಕಾಲಿಗೆ. ನಿದ್ದೆಯ ಪ್ರಶ್ನೆಗೆ ಏನು ಬರೆದೆಯಮ್ಮಾ ಎಂದೆ.

'ಆರು ಗಂಟೆ.'

'ದಿನಾ ಆರು ಗಂಟೆ ಮಲಗ್ತೀಯಾ?'

'ಐದೂವರೆ ತಾತ. ಐದೂವರೆಗೆ ಆಪ್ಷನ್ನೇ ಇರ್ಲಿಲ್ಲ, ಐದು ಇಲ್ಲಾ ಆರು. ಆರು ಹಾಕ್ದೆ.'